ಎರಡು ಸಲ ಬಂದ ಶುಕ್ರವಾರ

ನಾನು ಹರಕೆ ಮುರಿದ ದಿನವೇ ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ಕುಸಿದರು. ಆಗ ನಾವಿದ್ದದ್ದು ಒಂದು ಸರಕು ಹಡಗಿನಲ್ಲಿ, ಸಮುದ್ರದ ನಟ್ಟನಡುವೆ. ಮುಂದಕ್ಕೆ ಹೋದರೂ ಹಿಂದಕ್ಕೆ ತಿರುಗಿದರೂ ಆಸ್ಪತ್ರೆ ಒಂದು ವಾರದ ದಾರಿ. ತಾಯಿ ಚೌಡೇಶ್ವರಿ ಅಲ್ಲಿಗೆ ಹೇಗೆ ಬಂದಳು, ಬಂದು ಏನು ಮಾಡಿದಳು ಎಂಬುದನ್ನು ಅವಳನ್ನು ನಂಬಿದ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ನನಗೇ ಇದು ಪೂರ್ತಿ ಅರ್ಥವಾಗಿಲ್ಲ. ಅರ್ಥವಾಗುವ ತನಕ ಕಾದರೆ ಬರೆಯುವುದೇ ಆಗಲಿಕ್ಕಿಲ್ಲವೆಂದು ಈಗಲೇ ಕೂತಿದ್ದೇನೆ.

ನಾವು ಪೆರಿಯನಾಯಕನಪಾಳ್ಯದ ನೇಯ್ಗೆಯವರು. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತಮಿಳು. ನನ್ನ ತವರು ಅವಿನಾಶಿ. ಅಲ್ಲಿ ನನ್ನ ಅಜ್ಜ ಹಠ ಹಿಡಿದು ಕನ್ನಡ ಅಕ್ಷರ ಕಲಿಸಿದ್ದರಿಂದ ಇಷ್ಟಾದರೂ ಬರೆಯುತ್ತೇನೆ. ತಪ್ಪುಗಳಿದ್ದರೆ ನನ್ನವು, ಅಜ್ಜನವಲ್ಲ. ನನ್ನ ಗಂಡ ಮಿಲ್ಲಿನಲ್ಲಿ ಮೋಟರು ರಿಪೇರಿ ಮಾಡುತ್ತಿದ್ದವರು, ಯಾರದೋ ಮಾತು ಕೇಳಿ ಹಡಗಿನ ಎಲೆಕ್ಟ್ರಿಕಲ್ ಆಫೀಸರ್ ಆಗಿ ಹೋದರು. ವರ್ಷದಲ್ಲಿ ಒಂಬತ್ತು ತಿಂಗಳು ನೀರಿನ ಮೇಲೆ.

೧೯೮೫ರ ಕೊನೆಯಲ್ಲಿ ಅವರಿಂದ ಒಂದು ಕಾಗದ ಬಂತು. ಬಿರುಗಾಳಿಗೆ ಸಿಕ್ಕಿ ಹಡಗು ಎರಡು ದಿನ ವಾಲಿಕೊಂಡೇ ಹೋಯಿತಂತೆ. ಅದನ್ನು ಅವರು ತಮಾಷೆಯಾಗಿ ಬರೆದಿದ್ದರು. ನನಗೆ ಅದರಲ್ಲಿ ತಮಾಷೆ ಕಾಣಲಿಲ್ಲ. ಅಂದು ಸಂಜೆಯೇ ನಮ್ಮ ಬೀದಿಯ ಗುಡಿಗೆ ಹೋಗಿ ಹರಕೆ ಹೊತ್ತೆ. ಒಂಬತ್ತು ಶುಕ್ರವಾರ ಬಿಡದೆ ಉಪವಾಸ ಇರುತ್ತೇನೆ, ಸಂಜೆ ದೀಪ ಹಚ್ಚಿದ ಮೇಲೇ ಊಟ, ಇವರನ್ನು ಜೀವಸಹಿತ ಮನೆಗೆ ತಂದುಕೊಡು ತಾಯಿ ಎಂದೆ. ನಡುವೆ ಒಂದು ಶುಕ್ರವಾರ ತಪ್ಪಿದರೂ ಹರಕೆ ಮುರಿದಂತೆಯೇ.

"ನೀನಾ?" ಎಂದರು ನನ್ನ ಅತ್ತೆ. "ಹತ್ತ್ ಗಂಟೆಗೆ ಎರಡ್ ಇಡ್ಲಿ ಬೀಳ್ಲಿಲ್ಲ ಅಂದ್ರೆ ಪಾತ್ರೆ ಮೇಲೆ ಕೋಪ ತೋರ್ಸೋಳು ನೀನು. ನೀನ್ ಇರ್ತೀಯಾ ಒಂಬತ್ತ್ ವಾರ?"

ಆ ಮಾತಿನ ಸಿಟ್ಟಿಗೇ ಐದು ಶುಕ್ರವಾರ ಇದ್ದೆ. ಆ ನಡುವೆಯೇ ಇನ್ನೊಂದು ಕಾಗದ. ಹಡಗು ಮದ್ರಾಸಿಗೆ ಬರುತ್ತದೆ, ಅಲ್ಲಿಂದ ಸಿಂಗಪುರ ಮುಟ್ಟಿ ಅಮೆರಿಕದ ಕಡೆಗೆ ಒಂದು ತಿಂಗಳ ಪಯಣ, ಆಫೀಸರುಗಳ ಹೆಂಡತಿಯರು ಜೊತೆಗೆ ಬರಬಹುದು, ಹೊರಟು ಬಾ ಎಂದು.

ಒಂದು ತಿಂಗಳು ಸಮುದ್ರದ ಮೇಲಿರಲು ಏನೇನು ಬೇಕೆಂದು ನಮ್ಮ ಬೀದಿಯಲ್ಲಿ ಯಾರಿಗೆ ಗೊತ್ತು? ಊಟಿ ಬಸ್ಸಿನಲ್ಲಿ ವಾಂತಿ ಮಾಡಿಕೊಂಡವರೆಲ್ಲ ಸಲಹೆ ಕೊಟ್ಟರು. ನನ್ನ ನಂತರ ನಮ್ಮವರಲ್ಲೇ ಇಬ್ಬರು ಹೆಣ್ಣುಮಕ್ಕಳು ಹಡಗಿನವರನ್ನು ಮದುವೆಯಾಗಿ ನನ್ನನ್ನು ಕೇಳಲು ಬಂದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳಿಬಿಡುತ್ತೇನೆ. ರೇಷ್ಮೆ ಸೀರೆ ಬೇಡ. ಹಡಗು ಹತ್ತುವುದು ತೂಗಾಡುವ ಏಣಿಯ ಮೇಲೆ. ನಾನು ಹತ್ತಿದ್ದನ್ನು ಬಂದರಿನ ಕೂಲಿಯವರೆಲ್ಲ ಕೆಲಸ ಬಿಟ್ಟು ನೋಡಿದರು. ಸೇಫ್ಟಿ ಪಿನ್ನು ಒಂದು ಡಜನ್ ಇರಲಿ. ಒಣಶುಂಠಿ, ನಿಂಬೆಕಾಯಿ ಉಪ್ಪಿನಕಾಯಿ ಬೇಕೇ ಬೇಕು. ಬೇಳೆಪುಡಿ ಎಷ್ಟಿದ್ದರೂ ಸಾಲದು, ಏಕೆಂದರೆ ಹದಿನೈದು ದಿನವಾದ ಮೇಲೆ ಹಸಿರು ಬಣ್ಣದ್ದು ತಟ್ಟೆಗೆ ಬರುವುದಿಲ್ಲ. ಮೊದಲ ನಾಲ್ಕು ದಿನ ತಲೆ ಎತ್ತಲಾಗುವುದಿಲ್ಲ, ಎತ್ತಲೂ ಹೋಗಬೇಡಿ. ಎಂಜಿನ್ ಸದ್ದಿಗೆ ನಿದ್ದೆ ಬರದು ಎಂದು ಹೆದರಿಸುತ್ತಾರೆ. ಪವರ್‌ಲೂಮಿನ ಗೋಡೆಗೆ ತಲೆಯಿಟ್ಟು ಬೆಳೆದ ನನಗೆ ಅಲ್ಲಿ ಬಂದಂಥ ನಿದ್ದೆ ಬೇರೆಲ್ಲೂ ಬಂದಿಲ್ಲ.

ಪೆಟ್ಟಿಗೆ ಮುಚ್ಚುವಾಗ ಅತ್ತೆ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನೇ ಕಳಚಿ ತಂದು ಒಳಗಿಟ್ಟರು. ದಿನಕ್ಕೊಂದು ಹಾಳೆ ಕೀಳುವಂಥದ್ದು. ಮನೆಯಲ್ಲಿದ್ದಾಗ ಬೆಳಿಗ್ಗೆ ಎದ್ದ ಕೂಡಲೇ ಹಾಳೆ ಕೀಳುವುದು ನನ್ನ ಗಂಡನ ಕೆಲಸ. ಬೇರೆ ಯಾರಾದರೂ ಕಿತ್ತರೆ ಇಡೀ ದಿನ ಅವರ ಮುಖ ಸರಿಯಿರುವುದಿಲ್ಲ.

"ಕಪ್ಪಲ್ ಮೇಲೆ ವಾರ ಯಾವ್ದು ಅಂತ ಯಾರ್ ಹೇಳ್ತಾರೆ ನಿಂಗೆ?" ಎಂದರು ಅತ್ತೆ. ಹಡಗಿಗೆ ನಮ್ಮ ಮನೆಯಲ್ಲಿ ತಮಿಳಿನ ಕಪ್ಪಲು ಎಂಬ ಮಾತೇ. "ದಿನಾ ಒಂದು ಹಾಳೆ ಕಿತ್ಕೋ ಕಣಮ್ಮ. ಶುಕ್ರವಾರ ಬಂದ್ರೆ ತಟ್ಟೇಲಿರೋ ಸಾಪಾಟು ಕಡೆ ತಿರುಗಿ ನೋಡ್ಬೇಡ."

ಪೊಂಗಲ್ ಕಳೆದ ವಾರ ಹಡಗು ಹತ್ತಿದೆ. ತಾಯಿಯ ಪಟ, ಹಿತ್ತಾಳೆ ದೀಪ, ಮಗ್ಗದ ನೂಲಿನಿಂದ ಹೊಸೆದ ಬತ್ತಿ ಎಲ್ಲ ಇಟ್ಟುಕೊಂಡಿದ್ದೆ. ಮೊದಲ ಶುಕ್ರವಾರ ಬೆಂಕಿಪೊಟ್ಟಣ ತೆಗೆದಾಗ ಇವರು ಕೈ ಹಿಡಿದರು.

"ಇಲ್ಲಿ ಕಡ್ಡಿ ಗೀರಿದ್ರೆ ಕ್ಯಾಪ್ಟನ್ ನಮ್ಮಿಬ್ರನ್ನೂ ಕಡಲಿಗೆ ತಳ್ತಾರೆ. ಟಾರ್ಚ್ ಹಾಕ್ಕೋ."

"ಟಾರ್ಚ್ ಹಾಕಿದ್ರೆ ತಾಯಿ ಒಪ್ತಾಳಾ?"

"ಕರೆಂಟ್ ಕೆಲ್ಸದವನ ಹೆಂಡ್ತಿ ನೀನು. ಅವಳಿಗೆ ತಿಳಿಯಲ್ವಾ?"

ಹೀಗೆ ಆರನೆಯ, ಏಳನೆಯ ಶುಕ್ರವಾರ ಟಾರ್ಚಿನಲ್ಲೇ ಕಳೆದವು. ಪೂರ್ವ ಯಾವುದೆಂದು ತಿಳಿಯದೆ ಪಟವನ್ನು ಒಮ್ಮೆ ಈ ಗೋಡೆಗೆ, ಒಮ್ಮೆ ಆ ಗೋಡೆಗೆ ಇಟ್ಟೆ. ಇನ್ನೊಂದು ವಿಚಿತ್ರವೆಂದರೆ ಗಡಿಯಾರ. ಎರಡು ಮೂರು ದಿನಕ್ಕೊಮ್ಮೆ ಅದನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಿದ್ದರು. ಸೂರ್ಯ ಹುಟ್ಟುವ ಕಡೆಗೇ ಹೋಗುತ್ತಿದ್ದೇವೆ, ಅದಕ್ಕೆ ಎಂದು ಇವರು ವಿವರಿಸಿದರು. ನನಗೆ ಕಂಡದ್ದು ಇಷ್ಟೇ, ಯಾರೋ ನನ್ನ ಆಯುಸ್ಸಿನಿಂದ ಗಂಟೆಗಳನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಕೇಳುವುದು ಯಾರನ್ನು?

ಹತ್ತೊಂಬತ್ತನೆಯ ದಿನದ ಹೊತ್ತಿಗೆ ಸಮುದ್ರ ಕೆಟ್ಟಿತು. ನಾನು ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ವಾಂತಿ, ಜ್ಞಾನ ತಪ್ಪಿದಂಥ ಮಂಪರು. ಎಚ್ಚರವಾದಾಗ ಯಾರೋ ಚಮಚದಿಂದ ಬಾಯಿಗೆ ಬಿಸಿಯಾದದ್ದೇನನ್ನೋ ಹಾಕುತ್ತಿದ್ದರು. ಆರೇಳು ಚಮಚ ನುಂಗಿದ ಮೇಲೆ ವಾಸನೆ ತಿಳಿಯಿತು. ಕೋಳಿಯ ಸೂಪು. ಹಾಕುತ್ತಿದ್ದವರು ಹಡಗಿನ ಅಡುಗೆಯವರು ಸಂಜೀವಣ್ಣ, ಮಂಗಳೂರು ಕಡೆಯವರು. ಅವರ ಕನ್ನಡ ನನಗೆ ಅರ್ಧ, ನನ್ನ ಕನ್ನಡ ಅವರಿಗೆ ಕಾಲುಭಾಗ ಅರ್ಥವಾಗುತ್ತಿತ್ತು.

"ಇವತ್ತು ಯಾವ ವಾರ?" ಎಂದೆ.

"ಶುಕ್ರವಾರ ಅಲ್ವಾ. ಎರಡು ದಿನದಿಂದ ನಿಮ್ಮ ಹೊಟ್ಟೆಗೆ ಏನೂ ಬೀಳ್ಲಿಲ್ಲ ಮಾರಾಯ್ತಿ, ಕುಡೀರಿ."

ತೆವಳಿಕೊಂಡು ಕ್ಯಾಲೆಂಡರಿನ ಬಳಿ ಹೋದೆ. ಅದು ಬುಧವಾರದಲ್ಲೇ ನಿಂತಿತ್ತು. ಎರಡು ಹಾಳೆ ಕಿತ್ತೆ, ಶುಕ್ರವಾರವೇ. ಗಡಿಯಾರದಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಆ ಒಳ್ಳೆಯ ಮನುಷ್ಯನಿಗೆ ನಾನು ಬೈದದ್ದು ತಮಿಳಿನಲ್ಲಾದ್ದರಿಂದ ಪುಣ್ಯಕ್ಕೆ ಅವರಿಗೆ ಪೂರ್ತಿ ತಿಳಿಯಲಿಲ್ಲ.

ಸಂಜೆ ನಾಲ್ಕಕ್ಕೆ ಇವರನ್ನು ಇಬ್ಬರು ಹಿಡಿದುಕೊಂಡು ಕ್ಯಾಬಿನ್ನಿಗೆ ಕರೆತಂದರು. ಹೊಟ್ಟೆಯ ಬಲಗಡೆ ಮುಟ್ಟಿದರೆ ನರಳುತ್ತಿದ್ದರು, ಮೈ ಕೆಂಡವಾಗಿತ್ತು. ಸರಕು ಹಡಗಿನಲ್ಲಿ ಡಾಕ್ಟರು ಇರುವುದಿಲ್ಲ, ಇದನ್ನೂ ತಿಳಿದುಕೊಂಡೇ ಹೊರಡಿ. ಔಷಧಿಯ ಬೀರು ಇರುತ್ತದೆ, ಸೂಜಿ ಚುಚ್ಚಲು ಕಲಿತ ಆಫೀಸರೊಬ್ಬರು ಇರುತ್ತಾರೆ. ರೇಡಿಯೋದಲ್ಲಿ ಟಿಕ್ ಟಿಕ್ ಎಂದು ಬಡಿದು ಯಾವುದೋ ದೇಶದ ಡಾಕ್ಟರನ್ನು ಕೇಳಿದರು. ಅಪೆಂಡಿಕ್ಸ್ ಇರಬೇಕು, ಬಾಯಿಗೆ ಏನೂ ಕೊಡಬೇಡಿ, ಇಂಜೆಕ್ಷನ್ ಹಾಕಿ, ಐಸ್ ಇಡಿ ಎಂದು ಉತ್ತರ ಬಂತು. ಕ್ಯಾಪ್ಟನ್ ಹಿಂದಿಯಲ್ಲಿ ನನಗೆ ಏನೋ ಹೇಳಿದರು. ಸಂಜೀವಣ್ಣ ತಲೆ ತಗ್ಗಿಸಿ ಅದನ್ನು ಕನ್ನಡಕ್ಕೆ ತಂದರು.

"ಒಳಗೆ ಒಡೆದ್ರೆ ಕಷ್ಟ ಅಂತ ಹೇಳ್ತಾರೆ. ಒಡೀಲಿಕ್ಕಿಲ್ಲ. ನೀವು ದೇವ್ರನ್ನ ನೆನೀರಿ."

ಯಾವ ಬಾಯಿಂದ ನೆನೆಯಲಿ? ಕೋಳಿ ಸೂಪು ಕುಡಿದ ಬಾಯಿಂದಲೇ? ಆ ಸಂಜೆ ನಾನು ಟಾರ್ಚು ಹಾಕಲಿಲ್ಲ. ಎಂಟನೆಯ ಶುಕ್ರವಾರಕ್ಕೆ ಬಂದು ಮುರಿದೆನಲ್ಲ, ಅತ್ತೆ ಹೇಳಿದ್ದು ನಿಜವಾಯಿತಲ್ಲ, ಇವರು ಹೋದರೆ ಕೊಂದವಳು ನಾನೇ ಎಂದು ಐಸು ಹಿಡಿದುಕೊಂಡು ಕೂತೆ. ಇಂಜೆಕ್ಷನ್ ಹಾಕಿದ್ದರು, ಜ್ವರ ಇಳಿಯಲಿಲ್ಲ.

ಬೆಳಗಾಯಿತು. ಕೈ ತಾನಾಗಿ ಕ್ಯಾಲೆಂಡರಿಗೆ ಹೋಗಿ ಶುಕ್ರವಾರದ ಹಾಳೆ ಕಿತ್ತು ಬುಟ್ಟಿಗೆ ಹಾಕಿತು. ಐಸ್ ತರಲು ಊಟದ ಕೋಣೆಗೆ ಹೋದೆ. ಅದರ ಬಾಗಿಲಲ್ಲಿ ದಿನವೂ ಸೀಮೆಸುಣ್ಣದಲ್ಲಿ ವಾರ, ತಾರೀಖು ಬರೆಯುವ ಹಲಗೆಯಿದೆ. ಅದರಲ್ಲಿ ಇನ್ನೂ ಶುಕ್ರವಾರ ಎಂದೇ ಇತ್ತು.

"ಇದನ್ನ ಅಳಿಸಿ ಸಂಜೀವಣ್ಣ," ಎಂದೆ. ಆ ಅಕ್ಷರ ನೋಡಲಾಗುತ್ತಿರಲಿಲ್ಲ. "ನಿನ್ನೇದು ಅದು."

"ಇಲ್ಲಮ್ಮ, ಇವತ್ತೂ ಶುಕ್ರವಾರವೇ."

ಇಂಥ ಸ್ಥಿತಿಯಲ್ಲೂ ನನ್ನನ್ನು ಅಣಕಿಸುತ್ತಿದ್ದಾರೆ ಎಂದುಕೊಂಡೆ. ಅವರು ಒಂದು ಆಲೂಗಡ್ಡೆ ತಂದು ಅದರ ಮೇಲೆ ಚಾಕುವಿನಿಂದ ಗೆರೆ ಎಳೆದರು. ಸಮುದ್ರದಲ್ಲಿ ಹೀಗೊಂದು ಗೆರೆ ಇದೆ, ನಾವು ಹೋಗುವ ದಿಕ್ಕಿನಲ್ಲಿ ಅದನ್ನು ದಾಟಿದರೆ ಆದ ದಿನವೇ ಇನ್ನೊಮ್ಮೆ ಆಗುತ್ತದೆ ಎಂದರು. ನನಗೆ ಆಲೂಗಡ್ಡೆ ಕಂಡಿತು, ಗೆರೆ ಕಂಡಿತು, ಅರ್ಥ ಕಾಣಲಿಲ್ಲ.

"ಗಡಿಯಾರ ತಿರುಗಿಸಿ ತಿರುಗಿಸಿ ಗಂಟೆ ಕಳ್ಕೊಂಡ್ರಲ್ಲ ನೀವು," ಎಂದರು ಕೊನೆಗೆ. "ಅದೆಲ್ಲ ಒಟ್ಟಿಗೆ ವಾಪಸ್ ಬಂತು ಅಂತ ತಿಳ್ಕೊಳ್ಳಿ. ಅಡುಗೆಯೂ ನಿನ್ನೇದೇ. ಬೇಕಾದ್ರೆ ಕ್ಯಾಪ್ಟನನ್ನ ಕೇಳಿ."

ಕ್ಯಾಪ್ಟನ್ನನ್ನೂ ಕೇಳಿದೆ. ಅವರು ತಮ್ಮ ದೊಡ್ಡ ಪುಸ್ತಕ ತೆರೆದು ತೋರಿಸಿದರು. ಎರಡು ಪುಟದಲ್ಲೂ ಅದೇ ವಾರ, ಅದೇ ತಾರೀಖು.

ಆಗ ನನಗೆ ಅಳು ಬಂತು. ಹಿಂದಿನ ದಿನ ಬಾರದ ಅಳು. ಓಡಿ ಬಂದು ಬುಟ್ಟಿಯಿಂದ ಆ ಹಾಳೆಯನ್ನು ಹೆಕ್ಕಿ ಅಂಗೈಯಲ್ಲಿ ಉಜ್ಜಿ ನೇರ ಮಾಡಿದೆ. ಸಂಜೀವಣ್ಣನಿಂದ ನಾಲ್ಕು ಅನ್ನದ ಅಗುಳು ಇಸಿದುಕೊಂಡು ಅದನ್ನು ಕ್ಯಾಲೆಂಡರಿಗೆ ತಿರುಗಿ ಅಂಟಿಸಿದೆ. ಸ್ನಾನ ಮಾಡಿದೆ. ಆ ಶುಕ್ರವಾರ ನೀರನ್ನೂ ಬಾಯಿಗೆ ಹಾಕಲಿಲ್ಲ. ಹಡಗು ನಮ್ಮನ್ನು ಅತ್ತಿತ್ತ ಎಸೆಯುತ್ತಲೇ ಇತ್ತು, ನನಗೆ ವಾಂತಿ ಎಂಬುದು ನೆನಪಿಗೇ ಬರಲಿಲ್ಲ. ಐಸು ಬದಲಾಯಿಸುವುದು, ಅವರ ಹಣೆ ಮುಟ್ಟುವುದು, ತಾಯಿ ಮುಖ ನೋಡುವುದು, ಅಷ್ಟೇ. ಕಿಟಕಿಯ ಹೊರಗೆ ಬೆಳಕು ಕುಂದಿದಾಗ ಪಟದ ಮುಂದೆ ಟಾರ್ಚು ಹಾಕಿದೆ. ನಿನ್ನೆ ನಾನು ಕೆಡಿಸಿಕೊಂಡದ್ದನ್ನು ನೀನೇ ನೆಟ್ಟಗೆ ಮಾಡಿ ಕೈಗೆ ಕೊಟ್ಟೆ, ಇನ್ನು ಇವರನ್ನೂ ಕೊಡು ಎಂದು ಬಾಯಿಬಿಟ್ಟು ಕೇಳಿದೆ.

ಸ್ವಲ್ಪ ಹೊತ್ತಿನಲ್ಲಿ ಇವರ ಮೈ ಬೆವರತೊಡಗಿತು. ಜ್ವರ ಇಳಿಯಿತು. "ನೋವು ಕಮ್ಮಿ ಆದಂಗೈತೆ. ಟಾರ್ಚ್ ಆರಿಸು, ಬ್ಯಾಟರಿ ತೀರೋಗ್ತದೆ," ಎಂದರು. ಎರಡು ದಿನದಲ್ಲಿ, ಅಥವಾ ಒಂದೇ ದಿನದಲ್ಲಿ, ಅವರು ಆಡಿದ ಮೊದಲ ನೆಟ್ಟಗಿನ ಮಾತು ಅದು. ಇಂಜೆಕ್ಷನ್ ಕೆಲಸ ಮಾಡಿತು ಎಂದು ಇವರು ಇವತ್ತಿಗೂ ಹೇಳುತ್ತಾರೆ. ನಾನು ಅಲ್ಲವೆನ್ನುವುದಿಲ್ಲ. ಅದೇ ಇಂಜೆಕ್ಷನ್ ಮೊದಲನೆಯ ಶುಕ್ರವಾರವೂ ಹಾಕಿದ್ದರಲ್ಲ ಎಂದು ಮಾತ್ರ ಕೇಳುತ್ತೇನೆ.

ವಾರದ ನಂತರ ದಡ ಸೇರಿ, ಅಲ್ಲಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ನೋವು ಶುರುವಾಗಿ ಎಷ್ಟು ದಿನವಾಯಿತು ಎಂದು ಡಾಕ್ಟರು ಕೇಳಿದಾಗ ಇವರು ಶುಕ್ರವಾರ ಎಂದರು. ಯಾವ ಶುಕ್ರವಾರ ಎಂದು ಹೇಳಿ ಎಂದೆ ನಾನು. ಇವರು ಅದನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು, ಆ ಡಾಕ್ಟರು ಬೆರಳು ಮಡಿಸಿ ಎಣಿಸಿ, ನಕ್ಕು, ಬಿಟ್ಟುಬಿಟ್ಟರು. ಒಂಬತ್ತನೆಯ ಶುಕ್ರವಾರ ಆಸ್ಪತ್ರೆಯ ಮಂಚದ ಪಕ್ಕದಲ್ಲೇ ಕಳೆಯಿತು. ಅಲ್ಲಿಯೂ ಬೆಂಕಿ ಹಚ್ಚುವಂತಿರಲಿಲ್ಲ, ಅದೇ ಟಾರ್ಚು. ವಾಪಸು ವಿಮಾನದಲ್ಲಿ ಬಂದೆವು. ದಾರಿಯಲ್ಲಿ ಒಂದು ದಿನ ಕಾಣೆಯಾಯಿತು. ಕೊಟ್ಟದ್ದನ್ನು ತಾಯಿ ಹಿಂದಕ್ಕೆ ತೆಗೆದುಕೊಂಡಳು ಎಂದುಕೊಂಡೆ. ತೆಗೆದುಕೊಂಡದ್ದು ಭಾನುವಾರವನ್ನು, ಶುಕ್ರವಾರವನ್ನು ನನಗೇ ಬಿಟ್ಟಳು.

ಊರಿಗೆ ಬಂದ ಮೇಲೆ ಗುಡಿಯಲ್ಲಿ ಹೇಳಿದೆ. ಪೂಜಾರಿ ಒಂಬತ್ತು ಸರಿಯಾಯಿತು ಎಂದರು. ಹಿರಿಯರೊಬ್ಬರು, ಒಮ್ಮೆ ಮುರಿದದ್ದು ಮುರಿದದ್ದೇ, ಮೊದಲಿನಿಂದ ಇರಬೇಕು ಎಂದರು. ಇನ್ನೊಬ್ಬರ ಲೆಕ್ಕದಲ್ಲಿ ಹತ್ತು. ತಲೆ ಕೆಟ್ಟುಹೋಗಿ ಮನೆಗೆ ಬಂದು ಅತ್ತೆಯ ಮುಂದೆ ಎಲ್ಲ ಬಿಚ್ಚಿಟ್ಟೆ, ಕೋಳಿ ಸೂಪನ್ನೂ ಬಿಡದೆ. ಅವರು ಕ್ಯಾಲೆಂಡರು ಕೇಳಿದರು. ಓದಲು ಬಾರದ ಅವರು ಹಾಳೆಗಳನ್ನು ಬೆರಳಿಂದ ಸವರುತ್ತ ಹೋದರು. ಬೇಕಾದ್ದು ಅವರಿಗೆ ಸಿಗಲಿಲ್ಲ. ಅನ್ನದಿಂದ ಅಂಟಿಸಿದ ಹಾಳೆಯನ್ನು ಮರುದಿನ ಹುಷಾರಾಗಿ ಬಿಡಿಸಿ ನಾನು ಪಟದ ಹಿಂದೆ ಇಟ್ಟಿದ್ದೆ. ತೆಗೆದುಕೊಟ್ಟೆ. ಅಂಚಿನಲ್ಲಿ ಒಣಗಿದ ಅಗುಳು ಇನ್ನೂ ಗಟ್ಟಿಯಾಗಿತ್ತು.

"ಕಿತ್ತಿದ್ದ ಹಾಳೇನ ತಿರ್ಗ ಅಂಟ್ಸೋಕೆ ಬಿಟ್ಟಳಲ್ಲ ತಾಯಿ," ಎಂದರು. "ಅದಾದ್ಮೇಲೆ ಇನ್ನೇನ್ ಲೆಕ್ಕ ನಿಂಗೆ? ಹೋಗು, ಅವನಿಗೆ ಬಡಿಸು."

ನನ್ನ ಗಂಡ ಈಗ ಹಡಗಿಗೆ ಹೋಗುವುದಿಲ್ಲ, ಇಲ್ಲೇ ಮೋಟರು ಕೆಲಸ. ಮೂರು ವರ್ಷವಾಯಿತು. ಪ್ರತಿ ವರ್ಷ ಪೊಂಗಲಿನ ತೈ ತಿಂಗಳಲ್ಲಿ ಒಂದು ಶುಕ್ರವಾರ ಉಪವಾಸವಿದ್ದು ಮರುದಿನವೂ ಇರುತ್ತೇನೆ. ಯಾರಾದರೂ ಕೇಳಿದರೆ ಇವತ್ತೂ ಶುಕ್ರವಾರವೇ ಎನ್ನುತ್ತೇನೆ, ವಿವರಿಸಲು ನನ್ನಿಂದಾಗದು. ಇವರು ಆಲೂಗಡ್ಡೆಯ ಶಾಸ್ತ್ರ ಬಲ್ಲವರು, ಇಂಜೆಕ್ಷನ್ನನ್ನು ನಂಬಿದವರು, ನನ್ನನ್ನು ಗೇಲಿ ಮಾಡದೆ ಇರುವವರಲ್ಲ. ಆದರೆ ಆ ಮರುದಿನದ ಬೆಳಿಗ್ಗೆ ಮಾತ್ರ ಎದ್ದು, ಕ್ಯಾಲೆಂಡರಿನ ಮುಂದೆ ನಿಂತು, ಹಾಳೆ ಕೀಳದೆ ಹಾಗೇ ಸ್ನಾನಕ್ಕೆ ಹೋಗುತ್ತಾರೆ.