ದೀಪವಿಲ್ಲದ ಸೈಕಲ್ಲುಗಳ ಪುಸ್ತಕ

ನಮ್ಮಪ್ಪ ಪೊಲೀಸ್ ದಫೇದಾರ ಚಿಕ್ಕಬೈರಪ್ಪನವರಿಗೆ ಕಳ್ಳರು ಸಿಕ್ಕಿದ್ದು ಕಡಿಮೆ. ಮುಸ್ಸಂಜೆಯಲ್ಲಿ ಗೊರಗುಂಟೆಪಾಳ್ಯದ ಹುಣಸೆಮರದ ಕೆಳಗೆ ನಿಂತು, ದೀಪವಿಲ್ಲದೆ ತೇಲಿಬರುವ ಸೈಕಲ್ಲುಗಳನ್ನು ಹಿಡಿದು, ಸವಾರರ ಹೆಸರನ್ನು ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುವುದೇ ಅವರ ಪೌರುಷ.

೧೯೫೮ರಲ್ಲಿ ಇಲಾಖೆಗೆ ಓದಿದ ಹುಡುಗರು ಬೇಕಾದರು. ಕಾಲೇಜಿನಿಂದ ಐದು ಅರ್ಜಿ ತಂದರೆ ಮಾತ್ರ ಅಕ್ಕನ ಮದುವೆಗೆ ರಜೆ ಎಂದು ಇನ್ಸ್‌ಪೆಕ್ಟರ್ ಹೇಳಿಬಿಟ್ಟರು.

ಅಪ್ಪ ಕಾಲೇಜಿಗೆ ಹೋಗಿ ದೇಶಸೇವೆಯ ಬಗ್ಗೆ ಭಾಷಣ ಮಾಡಿದರು. ಹುಡುಗರು ಅವರ ಖಾಕಿ ಚಡ್ಡಿಯನ್ನೇ ನೋಡುತ್ತಿದ್ದರು.

"ನಾವೂ ಚಡ್ಡಿ ಹಾಕ್ಬೇಕಾ, ದಫೇದಾರ್ರೇ?" ಎಂದು ಒಬ್ಬ ಕೇಳಿದ. ಎಲ್ಲರೂ ನಕ್ಕರು.

ಅಪ್ಪ ನಗಲಿಲ್ಲ. ಪುಸ್ತಕ ತೆಗೆದು, ಕೇಳಿದವನ ಮುಖ ನೋಡಿ ಓದಿದರು: "ಮುನಿರಾಮಯ್ಯ, ಹೆಬ್ಬಾಳ. ಮೂರ್ ಸಲ ದೀಪ ಇಲ್ಲ, ಒಂದ್ ಸಲ ಬ್ರೇಕೂ ಇಲ್ಲ. ಅರ್ಜಿ ಹಾಕ್ದೋರ ಹೆಸ್ರು ಹೊಡೆದಾಕ್ತೀನಿ ಕಣ್ರಪ್ಪಾ. ಉಳಿದೋರು ಕೋರ್ಟಲ್ಲಿ ಸಿಗ್ರಿ."

ಐದಲ್ಲ, ಹನ್ನೊಂದು ಅರ್ಜಿ ಬಂದವು. ಅಕ್ಕನ ಮದುವೆಯಲ್ಲಿ ಅಪ್ಪನೇ ನಿಂತು ಊಟ ಬಡಿಸಿದರು.

ಹನ್ನೊಂದರಲ್ಲಿ ಮುನಿರಾಮಯ್ಯನೊಬ್ಬ ಆಯ್ಕೆಯಾದ. ಆರು ವರ್ಷದ ಮೇಲೆ ಅಪ್ಪನ ಠಾಣೆಗೇ ಸಬ್‌ಇನ್ಸ್‌ಪೆಕ್ಟರ್ ಆಗಿ ಬಂದ. ನನ್ನ ಮದುವೆಗೆ ರಜೆ ಕೇಳಲು ಅಪ್ಪ ಅವನೆದುರು ಸೆಲ್ಯೂಟ್ ಹೊಡೆದು ನಿಂತರು.

"ಮೊದ್ಲು ಆ ಪುಸ್ತಕ ತೋರಿಸಿ, ಚಿಕ್ಕಬೈರಪ್ಪನೋರೇ. ನನ್ನ ಹೆಸ್ರು ಹೊಡೆದಾಕಿದೀರಾ?"

ಹೊಡೆದಿರಲಿಲ್ಲ. ಅಪ್ಪ ಪೆನ್ಸಿಲ್ಲಿನ ತುದಿಯನ್ನು ನಾಲಿಗೆಗೆ ತಾಗಿಸಿ, ಸಾಹೇಬರ ಮೇಜಿನ ಮೇಲೆಯೇ ಮೂರು ದೀಪಗಳಿಗೂ ಗೆರೆ ಎಳೆದರು.

"ಬ್ರೇಕಿಂದು?" ಎಂದರು ಸಾಹೇಬರು.

ಅದಕ್ಕೂ ಗೆರೆ ಬಿದ್ದ ಮೇಲೆ ರಜೆ ಸಿಕ್ಕಿತು.