ಅಕ್ಕ ಕೊಟ್ಟ ನಿದ್ದೆ

ಹೋದ ವಾರ ಸಂಭಾಜಿನಗರದ ಚಿಕಲಠಾಣಾದಲ್ಲಿ ಕೆಲಸ ಮುಗಿಸಿ ಬರುವಾಗ ಒಂದು ಮಿಠಾಯಿ ಅಂಗಡಿಯ ಮುಂದೆ ನಿಂತೆ. ಕಡಾಯಿಯಲ್ಲಿ ಬಾಸುಂದಿ ಕುದಿಯುತ್ತಿತ್ತು. ಅಂಗಡಿಯವನು ಅದರ ಮೇಲೆ ಜಾಜಿಕಾಯಿ ತುರಿದು ಉದುರಿಸಿದ. ಬಿಸಿ ಹಾಲಿನಲ್ಲಿ ಜಾಜಿಕಾಯಿಯ ಆ ವಾಸನೆ ಬಂದದ್ದೇ ತಡ, ಕೈಗೆ ತೆಗೆದ ದುಡ್ಡನ್ನು ಮತ್ತೆ ಪರ್ಸಿಗೆ ಹಾಕಿದೆ. ಏನೂ ಕೊಳ್ಳದೆ ಬಂದುಬಿಟ್ಟೆ. ಅಕ್ಕ ನೆನಪಾಗಿದ್ದರು…

ನಾಶಿಕದಲ್ಲಿ ನನ್ನ ಬಾಡಿಗೆ ಮನೆಯ ಎದುರು ಬಾಗಿಲು ಅವರದು. ವಯಸ್ಸಿನಲ್ಲಿ ನನ್ನ ತಾಯಿಯಷ್ಟಿದ್ದರೂ ಅಕ್ಕ ಎಂದೇ ಕರೆಯುತ್ತಿದ್ದೆ. ನಮ್ಮ ಬೀದರ ಕಡೆಯವರು. ಅವರ ಗಂಡ ಓಝರದ ಕಾರ್ಖಾನೆಯಿಂದ ನಿವೃತ್ತರಾಗಿ ಮನೆಯಲ್ಲಿದ್ದರು. ದಿನವಿಡೀ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದರು, ಮಾತೇ ಅಪರೂಪ.

"ಮೊದಲ ಭಾಳ ಸಿಟ್ಟಿನ ಮನಷ್ಯಾ ಇದ್ರು, ಮ್ಯಾಲ ಬಿಪಿ ಬ್ಯಾರೆ. ಈಗ ನೋಡು, ಹೆಂಗ ಗಪ್ಪ ಕುಂದರ್ತಾರ," ಎಂದು ಅಕ್ಕ ಹೇಳಿದಾಗ ಆ ದನಿಯಲ್ಲೊಂದು ಹೆಮ್ಮೆಯಿತ್ತು. ನಾನೂ ನಕ್ಕಿದ್ದೆ.

ಆ ವರ್ಷ ಅಪ್ಪ ತೀರಿಕೊಂಡಿದ್ದರು. ನನಗೆ ನಿದ್ದೆ ಹಾರಿಹೋಗಿತ್ತು, ಸಣ್ಣ ವಯಸ್ಸಿಗೇ ಬಿಪಿ ಏರಿತ್ತು. ಡಾಕ್ಟರು ಒಂದು ಗುಳಿಗೆ ಬರೆದುಕೊಟ್ಟಿದ್ದರು, ಆದರೂ ನಿದ್ದೆ ಬರಲಿಲ್ಲ. ಒಂದು ಸಂಜೆ ಮೆಟ್ಟಿಲ ಮೇಲೆ ಅಕ್ಕ ನನ್ನ ಗದ್ದ ಹಿಡಿದು ಮುಖ ಎತ್ತಿದರು.

"ಇದೇನ ತಂಗಿ, ಕಣ್ಣ ಹಿಂಗ ಒಳಗ ಹೋಗ್ಯಾವ? ದಿನಾ ಸಂಜೀಕ ನಮ್ಮನಿಗಿ ಬಾ. ಹಾಲ ಕಾಸಿ ಕೊಡ್ತೀನಿ."

ಬೆಲ್ಲ, ಜಾಜಿಕಾಯಿ ಹಾಕಿದ ಹಾಲು. ತಳದಲ್ಲಿ ಕಂದು ಬಣ್ಣದ ಪುಡಿ ಉಳಿದಿರುತ್ತಿತ್ತು, ಕಹಿ. ಏನಕ್ಕಾ ಇದು ಎಂದರೆ, "ಜಾಜಿಕಾಯೇ ಅದು, ಹೊಸಾದು ಕಹಿ ಇರ್ತದ," ಎಂದರು. ನಂಬದಿರಲು ಕಾರಣವೇ ಇರಲಿಲ್ಲ. ಕೆಲವೇ ದಿನಗಳಲ್ಲಿ ನಿದ್ದೆ ಬಂತು, ಎಂಥ ನಿದ್ದೆ! ನಾನು ಅವರ ಕಾಲು ಮುಟ್ಟಿ ನಮಸ್ಕರಿಸಿದ್ದೆ.

ಆಮೇಲೆ ಏನಾಯಿತೆಂದು ಹೇಳುವುದು ಕಷ್ಟ, ಯಾಕೆಂದರೆ ಅದು ಒಮ್ಮೆಲೇ ಆಗಲಿಲ್ಲ. ಮೂಗು ಸದಾ ಕಟ್ಟಿರುತ್ತಿತ್ತು. ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ಊಟ ರುಚಿಸಲಿಲ್ಲ, ಹಾಡು ಕೇಳಬೇಕೆನಿಸಲಿಲ್ಲ, ತಲೆ ಬಾಚಿಕೊಳ್ಳುವುದೂ ಬೇಡವಾಯಿತು. ಮದುವೆಗೆ ನನಗೊಬ್ಬ ಹುಡುಗ ಗೊತ್ತಾಗಿದ್ದ. ಕಾಲೇಜಿನಿಂದ ಬಲ್ಲವನು, ಸಂಭಾಜಿನಗರದಲ್ಲಿ ಕೆಲಸ, ನನ್ನ ಮೇಲೆ ಜೀವ ಇಟ್ಟವನು. ರವಿವಾರ ಬಸ್ಸು ಹತ್ತಿ ಬಂದರೆ ಮೊದಲೆಲ್ಲ ನಾನು ಸ್ಟ್ಯಾಂಡಿಗೇ ಓಡುತ್ತಿದ್ದೆ. ಈಗ ಅವನ ಫೋನು ಬಂದರೆ ಯಾಕಾದರೂ ಬಂತೋ ಅನಿಸುತ್ತಿತ್ತು. ಅಪ್ಪ ಹೋದ ದುಃಖ ಎಂದುಕೊಂಡೆ. ನಂತರ, ಪ್ರೀತಿಯೇ ಇರಲಿಲ್ಲವೇನೋ ಎಂದುಕೊಂಡೆ.

"ನಂಗ ಏನೂ ಅನಸವಲ್ದು. ಮದುವಿ ಬ್ಯಾಡ ಬಿಡು," ಎಂದು ಹೇಳಿಯೂಬಿಟ್ಟೆ.

ಅವನು ಓಡಿ ಬಂದ. ನಾನು ಕಾರಣವಿಲ್ಲದೆ ಅಳುತ್ತ ಕೂತಿದ್ದೆ. ದಿಕ್ಕು ತೋಚದೆ ಅವನು ಎದುರು ಮನೆಯ ಬಾಗಿಲು ಬಡಿದು, ಆಕೆಗೇನಾಗಿದೆ ಎಂದು ಅಕ್ಕನನ್ನೇ ಕೇಳಿದ. ಅವರು ಕೊಟ್ಟ ಉತ್ತರ ನನ್ನ ಕಿವಿಗೂ ಬಿತ್ತು.

"ತಂದಿ ಹೋದ ದುಃಖ ಅದ. ಮನಸ ಬ್ಯಾಡ ಅಂದ ಮ್ಯಾಲ ಒತ್ತಾಯ ಮಾಡಬ್ಯಾಡ್ರಿ."

ಅವನು ಹೋದ. ಹೋಗುವಾಗ ತಿರುಗಿ ನೋಡಿದ್ದ…

ಕೆಲವು ತಿಂಗಳ ಮೇಲೆ ಕೆಲಸದಲ್ಲಿ ಎದ್ದು ನಿಂತವಳು ಹಾಗೇ ಕುಸಿದೆ. ಡಾಕ್ಟರಮ್ಮ ನಾಡಿ ಹಿಡಿದು, ಬಿಪಿ ನೋಡಿ, ಗುಳಿಗೆಯ ಜೊತೆ ಇನ್ನೇನು ತೆಗೆದುಕೊಳ್ಳುತ್ತೀ ಎಂದು ಮರಾಠಿಯಲ್ಲಿ ಗದರಿದರು. ಹಾಲಿನ ಮಾತು ಹೇಳಿದೆ. ಆ ಪುಡಿ ತಂದು ತೋರಿಸು ಎಂದರು. ಅಕ್ಕ ಹಾಲು ತರಲು ಅಂಗಡಿಗೆ ಹೋದಾಗ, ನಾನು ಕೇಳಿದ್ದಕ್ಕೆ ಅವರ ಗಂಡನೇ ಅಡುಗೆಮನೆಯಿಂದ ಡಬ್ಬಿ ತಂದು ನನ್ನ ಕೈಗಿಟ್ಟರು. ಅವರ ಕಣ್ಣು ತುಂಬಿತ್ತು.

ಡಬ್ಬಿಯ ಮೇಲಿನ ಚೀಟಿಯಲ್ಲಿ ಹೆಸರಿತ್ತು, ಸರ್ಪಗಂಧದ ಬೇರಿನ ಪುಡಿ. ಡಾಕ್ಟರಮ್ಮ ಬಿಡಿಸಿ ಹೇಳಿದರು: ಮಿದುಳಿನಲ್ಲೂ ಮೈಯಲ್ಲೂ ಇರುವ ನರತಂತುಗಳಲ್ಲಿ ಕೆಲವು ರಾಸಾಯನಿಕಗಳ ದಾಸ್ತಾನು ಇರುತ್ತದೆ. ನಮ್ಮನ್ನು ಎಚ್ಚರವಾಗಿಡುವುದು, ರಕ್ತನಾಳಗಳನ್ನು ಬಿಗಿಯಾಗಿಡುವುದು, ಬದುಕು ಬೇಕು ಅನಿಸುವಂತೆ ಮಾಡುವುದು, ಇದರಲ್ಲೆಲ್ಲ ಅವುಗಳ ಕೈ ಇದೆ. ಈ ಬೇರು ಆ ದಾಸ್ತಾನನ್ನು ಬರಿದು ಮಾಡುತ್ತದೆ. ಆಗ ಬಿಪಿ ಇಳಿಯುತ್ತದೆ, ನಿದ್ದೆ ಬರುತ್ತದೆ. ಕೆಲವರಿಗೆ ಮನಸ್ಸೂ ಬತ್ತಿಹೋಗುತ್ತದೆ. ನನ್ನದು ಹಾಗೇ ಆಗಿರಬೇಕು ಎಂದರು.

ಡಬ್ಬಿ ಹಿಡಿದು ನೇರ ಅಕ್ಕನ ಮನೆಗೆ ಹೋದೆ. ಅವರು ಸೊಪ್ಪು ಸೋಸುತ್ತಿದ್ದರು.

"ನಿಮಗ ಗೊತ್ತಿತ್ತೇನ್ರಿ ಅಕ್ಕಾ, ಇದು ಏನ ಮಾಡ್ತದಂತ?"

"ವೈಜಾಪುರದ ವೈದ್ಯರು ಇವರಿಗಿ ಅಂತ ಕೊಟ್ಟಿದ್ರು," ಎಂದರು ತಲೆ ಎತ್ತದೆ. "ಮನಸ ಕುಗ್ಗತಾದ, ನೋಡಕೋತ ಕೊಡು ಅಂದಿದ್ರು. ಇವರು ಬೈಯೂದು, ಹೊಡ್ಯೂದು ಬಿಟ್ಟರ ಸಾಕಾಗಿತ್ತು ನನಗ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಕುಡೀತಿದ್ದೇನು? ನಿನಗ ನಿದ್ದಿ ಬರಲಿ ಅಂತಿದ್ದೆ."

"ಅಂವ ಬಂದು ಕೇಳಿದಾಗರ ಹೇಳಬಹುದಿತ್ತಲ್ರಿ?"

ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕುತ್ತ ಅಕ್ಕ ಅಂದರು: "ಮದುವ್ಯಾಗಿ ಹೋಗಿ ಏನ ಸುಖ ಕಾಣತಿದ್ದಿ? ಇಲ್ಲೇ ನನ್ನ ಕಣ್ಣ ಮುಂದ ತಣ್ಣಗ ಇದ್ದಿ. ನನಗ ಅದೇ ಚೊಲೋ ಅನಸ್ತು."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಇವರ ಕಾಲು ಮುಟ್ಟಿದ್ದೆನಲ್ಲ…

ಹಾಲು ಬಿಟ್ಟ ಮೇಲೆ ಮೊದಲು ಹಸಿವು ಬಂತು. ಒಂದು ಬೆಳಿಗ್ಗೆ ಪಕ್ಕದ ಮನೆಯ ರೇಡಿಯೋದ ಜೊತೆ ನಾನೂ ಗುನುಗುತ್ತಿದ್ದೆ. ಅವತ್ತೇ ಅವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. "ನೀ ಅಂದದ್ದ ಖರೇ ಅಂತ ನಂಬಿದ್ನಲ್ಲ," ಎಂದ, ಬಹಳ ಮೆತ್ತಗೆ. ಅವನ ನಿಶ್ಚಿತಾರ್ಥ ಬೇರೆ ಕಡೆ ಆಗಿಹೋಗಿತ್ತು.

ನಾನು ನಾಶಿಕ ಬಿಟ್ಟೆ. ಕೆಲಸ ಸಿಕ್ಕಿದ್ದು ಅವನಿದ್ದ ಸಂಭಾಜಿನಗರದಲ್ಲೇ. ಆದರೆ ಅಷ್ಟರಲ್ಲಿ ಅವನು ಪುಣೆಗೆ ಹೋಗಿದ್ದ. ಅಕ್ಕನ ಗಂಡನನ್ನು ಆಮೇಲೆ ಅವರ ಮಗಳು ತನ್ನ ಮನೆಗೆ ಕರೆದುಕೊಂಡು ಹೋದಳಂತೆ. ಅಕ್ಕ ಹೋದ ವರ್ಷ ತೀರಿಕೊಂಡರು. ಫೋನು ಮಾಡಿ ತಿಳಿಸಿದ್ದೂ ಆ ಮಗಳೇ. ಅಮ್ಮ ಕೊನೆಗೆ ನಿಮ್ಮನ್ನು ಕೇಳುತ್ತಿದ್ದಳು ಎಂದಳು. ಹೂಂ ಎಂದೆ.

ಈಗಲೂ ಯಾವತ್ತಾದರೂ ಮನಸ್ಸು ಕುಗ್ಗಿದರೆ ಅದು ನನ್ನದೇ ದುಃಖವೋ, ಹೊರಗಿನಿಂದ ಬಂದದ್ದೋ ಎಂಬ ಅನುಮಾನ ಬರುತ್ತದೆ. ಯಾರ ಮನೆಯಲ್ಲೂ ಚಹಾ ಸಹ ನಿಶ್ಚಿಂತೆಯಿಂದ ಕುಡಿಯಲಾರೆ. ಅವರನ್ನು ಕ್ಷಮಿಸಿಲ್ಲ. ಆದರೆ ಅವರಾದ ಮೇಲೆ ನನ್ನ ಗದ್ದ ಹಿಡಿದು ಮುಖ ನೋಡಿದವರು ಇನ್ನೊಬ್ಬರಿಲ್ಲ.