ಜೋಯಿ ಚೇಟನಿಗೆ ಕೊಡದ ಮದ್ದು

ಇಲ್ಲ... ನಂಬಲಿಕ್ಕಾಗುತ್ತಿಲ್ಲ.
ಬೆಳಿಗ್ಗೆ ನೆಲ್ಯಾಡಿಯಿಂದ ಫೋನ್ ಬಂತು. ಯಾವ ಜೋಯಿ, ಯಾವ ಜೋಯಿ ಅಂತ ಕೇಳುತ್ತಲೇ ಇದ್ದೆ...

ನಮ್ಮ ಜೋಯಿ ಚೇಟ, ನಮ್ಮೆಲ್ಲರ ಮಲಯಾಳಿ ಅಣ್ಣ, ಹೋದರು.
'ಬಿಳಿ ಹುಡಿ' ಸಿನಿಮಾದ ನಾಯಕ.
ಕ್ಯಾನ್ಸರ್...

ಈಗ ಎಲ್ಲರ ಸ್ಟೇಟಸ್‌ನಲ್ಲೂ ಅದೇ ಕ್ಲಿಪ್.
ಡ್ರಗ್ಸ್ ಸಿಗದೆ ಅವರು ನೆಲದಲ್ಲಿ ಹೊರಳಿ ಕಿರುಚುವ ದೃಶ್ಯ.
ಕೆಳಗೆ, "ಎಂಥಾ ಆ್ಯಕ್ಟಿಂಗ್! ಕ್ಲಾಸಿಕ್! ಲೆಜೆಂಡ್!"

ಸಾಕು... ತೆಗೆಯಿರಿ ಅದನ್ನು.

ಆ ದೃಶ್ಯಕ್ಕೆ ಕ್ಲಾಪ್ ಬೋರ್ಡ್ ಹಿಡಿದವಳು ನಾನು. ಆಗ ಎಂ.ಎ. ಓದುತ್ತಿದ್ದೆ, ಇನ್ನೂ ಟೀಚರ್ ಆಗಿರಲಿಲ್ಲ.
ಕಡಬದಲ್ಲಿ ರಬ್ಬರ್ ಶೀಟ್ ಒಣಗಿಸುವ ಹೊಗೆ ಕೋಣೆಯೇ ನಮ್ಮ ಸೆಟ್.
ಡ್ರಗ್ಸ್ ಅಂತ ತೋರಿಸಿದ್ದು ಅಕ್ಕಿ ಹುಡಿ.
ಒಂದು ಬೀಡಿ ಸಹ ಸೇದದ ಮನುಷ್ಯ... ವ್ಯಸನ ಬಿಡಿಸುವ ಕೇಂದ್ರಕ್ಕೆ ಹೋಗಿ ಕೂತು, ಅಲ್ಲಿಯವರ ಕೈ ನಡುಗುವುದನ್ನು ನೋಡಿ ಕಲಿತು ಬಂದಿದ್ದರು.
ಶಾಟ್ ಮುಗಿದಾಗ ಕ್ಯಾಮರಾದವರೇ ಅಳುತ್ತಿದ್ದರು.

ಸಿನಿಮಾ ಬಂದ ಮೇಲೆ?
ಪುತ್ತೂರಿನ ಬಸ್ಸಿನಲ್ಲಿ ಅವರ ಪಕ್ಕ ಕೂರಲು ಜನ ಹೆದರಿದರು.
"ಇವ ನಿಜವಾಗ್ಲೂ ತೆಕ್ಕೊಳ್ತಾನಂತೆ ಮಾರಾಯ..."
ಚೇಟ ನಕ್ಕುಬಿಡುತ್ತಿದ್ದರು.
ನಗಬಾರದಿತ್ತು.

ಕೊನೆಗೆ ಕ್ಯಾನ್ಸರ್‌ನ ನೋವಿಗೆ ಡಾಕ್ಟರ್ ಮಾರ್ಫಿನ್ ಬರೆದುಕೊಟ್ಟರು.
ಮನೆಯವರು ತರಲಿಲ್ಲ!

ಕಳೆದ ವಾರ ಹೋಗಿ ಜಗಳವಾಡಿದೆ. ಅವರ ಅಣ್ಣ ಅಂಗಳದಲ್ಲೇ ನಿಂತು ಹೇಳಿದರು:
"ಅದು ಡ್ರಗ್ಸ್ ಅಲ್ವಾ ಟೀಚರ್? ಜೋಯಿ ಕಡೆಗೆ ಸಿನಿಮಾದ ಹಾಗೇ ಆದ ಅಂತ ಜನ ಹೇಳುದಿಲ್ವಾ? ಮನೆಯಲ್ಲಿ ಮದುವೆಗೆ ಹೆಣ್ಣುಮಕ್ಕಳುಂಟು ಮಾರಾಯ್ರೆ."
"ನೋವಿರುದು ಊರಿನವರಿಗಾ, ಚೇಟನಿಗಾ?" ಅಂದೆ.
ಅವರನ್ನು ದಾಟಿ ಒಳಗೆ ಹೋದೆ.

ಚೇಟಾ...
ಒಳಗೆ ನೀವು ದಿಂಬು ಕಚ್ಚಿ ಮಲಗಿದ್ದಿರಿ. ನನ್ನನ್ನು ನೋಡಿ ಆಗಲೂ ತಮಾಷೆ.
"ಆಗ ಕಟ್ ಹೇಳ್ಲಿಕ್ಕೆ ಡೈರೆಕ್ಟರ್ ಇದ್ರು. ಈಗ ಕಟ್ ಹೇಳುದು ಯಾರು ಮಾರಾಯ್ತಿ?"
ನಿಮ್ಮ ದಿಂಬು ಸರಿಮಾಡಿ ಎದ್ದು ಬಂದೆ.

ನೀವು ನಟಿಸಿದ್ದು ಮಕ್ಕಳು ಹಾಳಾಗಬಾರದು ಅಂತ.
ನೋವಿನಲ್ಲಿರುವವರಿಗೆ ಮದ್ದು ಕೊಡಬೇಡಿ ಅಂತ ಅಲ್ಲ.
ಅಷ್ಟೂ ಅರ್ಥವಾಗದಿದ್ದರೆ ನಾವು ಆ ಸಿನಿಮಾದಲ್ಲಿ ನೋಡಿದ್ದಾದರೂ ಏನು?

ಇದನ್ನು ಓದುವವರೇ... ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮಲಗಿದ್ದರೆ, ಡಾಕ್ಟರ್ ಬರೆದ ಮದ್ದು ಕೊಡಿ.
ಜನ ಏನು ಬೇಕಾದರೂ ಹೇಳಿಕೊಳ್ಳಲಿ.

ಹೋಗಿ ಬನ್ನಿ ಚೇಟಾ.
ನಾವು ನಿಮ್ಮ ಮೈಗೆ ಕೊಡದ ಶಾಂತಿ, ನಿಮ್ಮ ಆತ್ಮಕ್ಕಾದರೂ ಸಿಗಲಿ...